ಬೆನ್ನು ತಿರುಗಿಸಿ ನಿಂತವಳು

ಅವಳಿಗೆ ಅಟೆನ್ಷನ್ನಿನಲ್ಲಿ ನಿಲ್ಲಲು ಬರುತ್ತಿರಲಿಲ್ಲ. ವ್ಯಾಯಾಮ ಶಿಕ್ಷಕಿಯರಾಗಲು ಬಂದಿದ್ದ ನಮ್ಮ ತಂಡದಲ್ಲಿ ಅದು ಬಾರದವಳು ಅವಳೊಬ್ಬಳೇ. ಹಿಮ್ಮಡಿ ಕೂಡಿಸಿ, ಎದೆಯೆತ್ತಿ, ಗದ್ದ ಒಳಗೆಳೆದುಕೊಂಡು ನಾವೆಲ್ಲ ನೆಟ್ಟ ಗೂಟಗಳಂತೆ ನಿಂತಿದ್ದರೆ ಅವಳ ಒಂದು ಮೊಣಕಾಲು ಸಡಿಲವಾಗಿ ಮುಂದಕ್ಕೆ ಬಾಗಿರುತ್ತಿತ್ತು. ಡ್ರಿಲ್ ಮಾಸ್ಟರು ಸೈನ್ಯದಲ್ಲಿದ್ದು ಬಂದವರು. ಒಂದು ಬೆಳಿಗ್ಗೆ ಅವಳೆದುರು ನಿಂತು, ನೀನು ಅಟೆನ್ಷನ್ನಿನಲ್ಲಿದ್ದೀಯೋ ಬಸ್ಸಿಗೆ ಕಾಯುತ್ತಿದ್ದೀಯೋ ಎಂದು ತಮಿಳಿನಲ್ಲಿ ಕೇಳಿದರು. ಅವಳು ನಿಜವಾಗಿಯೂ ಸ್ವಲ್ಪ ಯೋಚಿಸಿ, "ಬಸ್ಸುಕ್ಕು ದಾನ್ ಸಾರ್," ಎಂದಳು. ಬಸ್ಸಿಗೇ ಎಂದು.

ಸಾಲಿಗೆ ಸಾಲೇ ನಕ್ಕಿತು. ಮಾಸ್ಟರು ತಮ್ಮ ನಗು ಕಾಣದಿರಲೆಂದು ಮುಖ ತಿರುಗಿಸಿದರು. ನಾನು ನಗಲಿಲ್ಲ. ನನಗೆ ಅಟೆನ್ಷನ್ ಚೆನ್ನಾಗಿ ಬರುತ್ತಿತ್ತು. ಹಿಂದಿನ ದಿನವಷ್ಟೇ ಅವರು ನನ್ನನ್ನು ಮುಂದೆ ಕರೆದು ನಿಲ್ಲಿಸಿ, ಹೀಗೆ ನಿಲ್ಲಬೇಕು ಎಂದು ಎಲ್ಲರಿಗೂ ತೋರಿಸಿದ್ದರು. ಬಸ್ಸಿನ ಮಾತಾದ ಮೇಲೆ ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಈ ಜೂನಿನಲ್ಲಿ ಅವಳು ಚೆನ್ನೈ ಬಿಟ್ಟಳೆಂದು ತಿಳಿಯಿತು. ಗಂಡ ರೈಲ್ವೆಯವರು, ಹುಬ್ಬಳ್ಳಿಗೆ ವರ್ಗವಾಗಿದೆಯಂತೆ. ಅಷ್ಟು ವರ್ಷ ಒಬ್ಬಳ ಮೇಲೆ ಹೊಟ್ಟೆಕಿಚ್ಚುಪಟ್ಟವಳಿಗೆ ಈ ಸುದ್ದಿಯಿಂದ ಹಗುರಾಗಬೇಕಿತ್ತು. ಆಗಲಿಲ್ಲ. ಅವಳು ಹೋದದ್ದಕ್ಕಿಂತ, ಹುಬ್ಬಳ್ಳಿಯಲ್ಲಿ ಯಾವುದೋ ಶಾಲೆಯ ಮಕ್ಕಳಿಗೆ ಅವಳು ಸಿಗುತ್ತಾಳಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿತು. ಅವಳ ಹೆಸರು ಬರೆಯುವುದಿಲ್ಲ. ಓದಿದರೆ ನಕ್ಕುಬಿಡುತ್ತಾಳೆ, ಆ ನಗು ನನಗೆ ಬೇಡ.

ನಾವು ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮದ್ರಾಸು ಚೆನ್ನೈ ಆಗಿ ಹೆಚ್ಚು ಕಾಲವಾಗಿರಲಿಲ್ಲ. ತಿರುವಲ್ಲಿಕ್ಕೇಣಿಯ ನಮ್ಮ ಮನೆಯಲ್ಲಿ ಅದು ಈಗಲೂ ಆಗಿಲ್ಲ. ಮುತ್ತಜ್ಜನ ಕಾಲದಿಂದ ಅಲ್ಲೇ ಇರುವ ಮನೆತನ ನಮ್ಮದು. ದೇವರ ಮನೆಯಲ್ಲಿ ಕನ್ನಡದ ದೇವರನಾಮ, ಹಜಾರದಲ್ಲಿ ಅರ್ಧ ತಮಿಳು. ಆ ಮನೆಯಲ್ಲಿ ಯಾರೂ ಓಡಿದ್ದನ್ನು ನಾನು ಕಂಡಿಲ್ಲ. ಶಟಲ್ ಬ್ಯಾಡ್ಮಿಂಟನ್ನಿನಲ್ಲಿ ನಾನು ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ್ದನ್ನು ಅಪ್ಪ ಒಂದು ಒಳ್ಳೆಯ ಹವ್ಯಾಸವೆಂದು ಒಪ್ಪಿದ್ದರು. ಬಿ.ಎಸ್ಸಿ. ಮುಗಿಸಿ ಬಿ.ಪಿ.ಎಡ್. ಸೇರುತ್ತೇನೆಂದಾಗ ಮಾತ್ರ ಪತ್ರಿಕೆ ಮಡಿಸಿಟ್ಟರು.

"ಒಂದು ವರ್ಷ. ಮುಗಿಯೋದರೊಳಗೆ ವೇಲೈ ಸಿಗಲಿಲ್ಲಾಂದ್ರೆ ಪೇಸಾಮಲ್ ಬ್ಯಾಂಕ್ ಪರೀಕ್ಷೆಗೆ ಕೂತ್ಕೋಬೇಕು," ಎಂದರು.

ವೇಲೈ ಎಂದರೆ ಕೆಲಸ. ಪೇಸಾಮಲ್ ಎಂದರೆ ತುಟಿ ಪಿಟಕ್ಕೆನ್ನದೆ. ಆ ವರ್ಷವಿಡೀ ನನ್ನ ಕಿವಿಯಲ್ಲಿದ್ದ ಪದ ಅದು.

ಅವಳ ಅಪ್ಪ ಮದ್ದೂರಿನವರು. ಕೋಚ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ಬಂದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದರು. ತಂಡದಲ್ಲಿ ಕನ್ನಡದವರು ನಾವಿಬ್ಬರೇ ಆದದ್ದರಿಂದ ಜೊತೆಯಾದೆವು. ಇಲ್ಲದಿದ್ದರೆ ಆಗುತ್ತಿರಲಿಲ್ಲ. ಮೊದಲ ದಿನ ನಾನು ಏನೋ ಹೇಳಿದ್ದನ್ನು ಕೇಳಿಸಿಕೊಂಡು, "ಅಮ್ಮಣ್ಣಿ, ಒಂದ್ ಮಾತ್ ಮುಗ್ಸೋದ್ರೊಳಗೆ ಎಲ್ಡ್ ಸಲ ಸೆಂಟ್ರಲ್ ಸ್ಟೇಷನ್‌ಗೆ ಹೋಗ್ಬಂದೆ ನೀನು," ಎಂದಳು. ನನ್ನ ಕನ್ನಡದ ನಡುವೆ ತಮಿಳು ಎಷ್ಟಿದೆ ಎಂದು ಆವರೆಗೆ ನಾನು ಗಮನಿಸಿಯೇ ಇರಲಿಲ್ಲ. ಅಂದಿನಿಂದ ಅವಳೆದುರು ಮಾತಾಡುವ ಮುನ್ನ ವಾಕ್ಯವನ್ನು ಮನಸ್ಸಿನಲ್ಲೇ ಒಮ್ಮೆ ಸೋಸಿಕೊಳ್ಳತೊಡಗಿದೆ. ಅವಳ ತಮಿಳೋ, ವ್ಯಾಕರಣವೆಂಬುದೇ ಇಲ್ಲದ್ದು. ಅದರಲ್ಲೇ ಆಟೋದವರೊಡನೆ ಜಗಳ, ಕ್ಯಾಂಟೀನಿನವರೊಡನೆ ಸಲಿಗೆ, ಮಾಸ್ಟರೊಡನೆ ಬಸ್ಸಿನ ಮಾತು. ತಪ್ಪಾದರೆ ಎದುರಿಗಿದ್ದವರೇ ತಿದ್ದುತ್ತಿದ್ದರು, ಅವಳು ತಿದ್ದಿದ್ದನ್ನೇ ಹೇಳಿಕೊಂಡು ಮುಂದೆ ಹೋಗುತ್ತಿದ್ದಳು.

ಮೈದಾನದಲ್ಲೂ ಅವಳದು ಅದೇ ಬಗೆ.

ಹರ್ಡಲ್ಸ್ ಮೊದಲ ಬಾರಿ ಇಟ್ಟ ದಿನ ನೆನಪಿದೆ. ನಮ್ಮಲ್ಲಿ ಹೆಚ್ಚಿನವರು ಒಂದೊಂದೇ ಆಟ ಬಲ್ಲವರು. ಪದಕ ತಂದ ವಾಲಿಬಾಲ್ ಹುಡುಗಿಗೆ ಪಲ್ಟಿ ಹೊಡೆಯಲು ಭಯ. ಗುಂಡು ಎಸೆಯುವವಳು ಕುಣಿತದ ತರಗತಿಯೆಂದರೆ ಬೆವರುತ್ತಿದ್ದಳು. ನಮಗೆ ತಿಳಿದ ಆಟದ ಗೆರೆ ದಾಟಿದರೆ ನಾವೆಲ್ಲ ನೀರಿಲ್ಲದ ಮೀನುಗಳು, ಅದು ಯಾರಿಗೂ ಗೊತ್ತಾಗಬಾರದೆಂಬುದೇ ಎಲ್ಲರ ಚಿಂತೆ. ಅವಳಿಗೆ ಹೇಳಿಕೊಳ್ಳುವಂಥ ಆಟ ಯಾವುದೂ ಇರಲಿಲ್ಲ. ಕಾಲೇಜಿನ ಖೋಖೋ ತಂಡದಲ್ಲಿದ್ದಳಂತೆ, ಅದೂ ಹೆಚ್ಚಾಗಿ ಹೊರಗೆ ಕೂತು. ಹರ್ಡಲ್ಸಿಗೆ ಯಾರು ಮೊದಲು ಎಂದು ಕೇಳಿದಾಗ ಓಡಿಯೇಬಿಟ್ಟಳು. ಮರದ ಪಟ್ಟಿಯ ಸಮೇತ ಬಿದ್ದಳು. ಬಿದ್ದಲ್ಲೇ ಮಲಗಿ ಆಕಾಶ ನೋಡುತ್ತ ನಕ್ಕು, ಎದ್ದು, ಇನ್ನೊಂದು ಸಲ ಎಂದು ಕೇಳಿದಳು. ಮತ್ತೆ ಬಿದ್ದಳು.

ನನ್ನ ಸರದಿ ಬಂದಾಗ ಕಾಲು ಹಿಡಿದುಕೊಂಡಿದೆ ಎಂದೆ. ಮನೆಗೆ ಬಂದು, ಮಹಡಿಯ ಮೇಲೆ ಇಟ್ಟಿಗೆಗಳ ಮೇಲೆ ಬಟ್ಟೆ ಒಣಗಿಸುವ ಕೋಲು ಅಡ್ಡವಿಟ್ಟು, ಸುತ್ತಲಿನ ಮಹಡಿಗಳಲ್ಲಿ ಯಾರೂ ಇಲ್ಲದ ವೇಳೆ ನೋಡಿ ದಿನವೂ ದಾಟಿದೆ. ಮುಂದಿನ ವಾರ ಒಂದು ಹರ್ಡಲ್ಲೂ ಅಲುಗದಂತೆ ಓಡಿದೆ. ಮೈದಾನದಲ್ಲಿ ಚಪ್ಪಾಳೆ ಬಿತ್ತು. ಅವಳು ಬಂದು ನನ್ನ ಬೆನ್ನಿಗೊಂದು ಗುದ್ದಿ, ಕಿವಿಯ ಬಳಿ, "ಕಳ್ಳಿ. ಮನೇಲ್ ಬಿದ್ದು ಬಂದಿದ್ದೀಯ," ಎಂದಳು. ಅದರಲ್ಲಿ ಕೊಂಕಿರಲಿಲ್ಲ, ಮೆಚ್ಚುಗೆಯೇ ಇತ್ತು. ಆ ಮೆಚ್ಚುಗೆ ನನಗೆ ಚುಚ್ಚಿದಂತಾಯಿತು.

ಪಾಠ ಹೇಳುವ ಅಭ್ಯಾಸಕ್ಕೆ ನಮ್ಮಿಬ್ಬರನ್ನು ಹಾಕಿದ್ದು ಪೆರಂಬೂರಿನ ಒಂದು ಹೆಣ್ಣುಮಕ್ಕಳ ಶಾಲೆಗೆ. ರೈಲ್ವೆ ವರ್ಕ್‌ಶಾಪಿನ ಸೈರನ್ ಕೂಗಿದರೆ ಶಾಲೆಯ ಗಂಟೆ ಹೊಡೆಯುವ ಅಗತ್ಯವೇ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಅವಳ ಮನೆಗೆ ಹೋಗುತ್ತಿದ್ದೆವು. ಮೊದಲ ದಿನ ಹೋದಾಗ ಅವಳ ತಾಯಿ ಕಾಂಪೌಂಡ್ ಗೋಡೆ ಹತ್ತಿ ನುಗ್ಗೆಸೊಪ್ಪು ಕೀಳುತ್ತಿದ್ದರು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮೊಡನೆ ಮಾತಾಡುತ್ತಲೇ ಧೊಪ್ಪನೆ ಇಳಿದರು. ಊಟಕ್ಕೆ ಮನೆಗೆ ಬಂದಿದ್ದ ಅವಳ ತಂದೆ ತಟ್ಟೆಯ ಮುಂದೆ ಕೂತು ಮಗಳನ್ನು ಕೇಳಿದರು:

"ಇವತ್ತ್ ಯಾವುದ್ರ ಮೇಲಿಂದ ಬಿದ್ದೆ ಮಗಾ?"

"ಇನ್ನೂ ಇಲ್ಲ ಕಣಪ್ಪ. ಮಧ್ಯಾಹ್ನ ಐತಲ್ಲ."

ಅವರು ತಲೆಯಾಡಿಸಿ ಮುದ್ದೆ ಮುರಿದರು. ದಿನವೂ ಅದೇ ಪ್ರಶ್ನೆ. ಬೇರೆ ಮನೆಗಳಲ್ಲಿ ಊಟವಾಯಿತೇ ಎಂದು ಕೇಳುವ ಹಾಗೆ. ನಾನು ತಟ್ಟೆ ನೋಡುತ್ತ ಕೂತಿದ್ದೆ. ನನ್ನ ಅಪ್ಪ ಕೇಳುತ್ತಿದ್ದುದು ಎಷ್ಟು ಅಂಕ ಬಂತು, ಮಿಕ್ಕವರಿಗೆ ಎಷ್ಟು ಎಂದು. ಅವಳ ಮೇಲಿನ ನನ್ನ ಹೊಟ್ಟೆಕಿಚ್ಚಿಗೆ ಮೂಲ ಯಾವುದೆಂದು ಯಾರಾದರೂ ಕೇಳಿದರೆ, ಅವಳ ಕೈಕಾಲಲ್ಲ, ಆ ಊಟದ ಪಂಕ್ತಿ ಎನ್ನುತ್ತೇನೆ.

ಆ ಶಾಲೆಯ ಏಳನೇ ತರಗತಿ ನಮ್ಮಿಬ್ಬರಿಗೂ ಸೇರಿದ್ದು, ಒಂದು ದಿನ ನನಗೆ, ಒಂದು ದಿನ ಅವಳಿಗೆ. ಕಲಿಸಬೇಕಾದದ್ದು ಲೇಜಿಮ್, ಬಿಲ್ಲಿನಂಥ ಕೋಲಿಗೆ ಗಿಲಿಗಿಲಿ ಎನ್ನುವ ಬಿಲ್ಲೆಗಳ ಸರಪಳಿ ಕಟ್ಟಿದ ಆ ಸಾಧನದ ಕವಾಯತು. ನಮ್ಮ ಕಸುಬಿನಲ್ಲಿ ಇದಕ್ಕೊಂದು ಪದ್ಧತಿಯಿದೆ. ಟೀಚರು ಮಕ್ಕಳಿಗೆ ಮುಖ ಮಾಡಿ ನಿಂತು, ಕನ್ನಡಿಯ ಹಾಗೆ ತಿರುಗುಮುರುಗಾಗಿ ಮಾಡಿ ತೋರಿಸಬೇಕು. ಬಾಯಲ್ಲಿ ಎಡ ಎಂದರೆ ತನ್ನ ಬಲಗಾಲು ಹೋಗಬೇಕು, ಆಗ ಎದುರಿಗಿರುವ ಮಕ್ಕಳ ಎಡಗಾಲು ಸರಿಯಾಗಿ ಬರುತ್ತದೆ. ಮಕ್ಕಳಿಗೆ ಬೆನ್ನು ಮಾಡಕೂಡದು, ಕಣ್ಣು ತಪ್ಪಿದರೆ ಶಿಸ್ತು ತಪ್ಪುತ್ತದೆ ಎಂದು ನಮಗೆ ಮೊದಲ ವಾರದಲ್ಲೇ ಹೇಳಿದ್ದರು.

ನಾನು ಇದನ್ನು ಬೀರುವಿನ ಕನ್ನಡಿಯ ಮುಂದೆ ಕಲಿತೆ. ನಿದ್ದೆಯಲ್ಲಿ ಎಬ್ಬಿಸಿ ಎಡ ಎಂದರೂ ಬಲಗಾಲು ಮುಂದಿಡುತ್ತಿದ್ದೆ. ಅವಳಿಗೆ ಇದು ಕೊನೆಯವರೆಗೂ ಬರಲಿಲ್ಲ. ಎಡ ಎಂದು ಕೂಗಿ ಎಡಗಾಲನ್ನೇ ಇಡುವಳು, ಅರ್ಧ ತರಗತಿ ಅವಳ ಬಾಯಿ ಕೇಳಿ ಒಂದು ಕಡೆ, ಇನ್ನರ್ಧ ಅವಳ ಕಾಲು ನೋಡಿ ಇನ್ನೊಂದು ಕಡೆ. ಹಾಗೊಂದು ದಿನ ಲೇಜಿಮುಗಳು ಡಿಕ್ಕಿ ಹೊಡೆದು ಒಂದು ಹುಡುಗಿಯ ಜಡೆ ಸರಪಳಿಗೆ ಸಿಕ್ಕಿಕೊಂಡಿತು. ಬಿಡಿಸಿದ ಮೇಲೆ ಅವಳು ಸೊಂಟದ ಮೇಲೆ ಕೈಯಿಟ್ಟು ಕೊಂಚ ಹೊತ್ತು ನಿಂತಳು. ಆಮೇಲೆ ಸರ್ರನೆ ತಿರುಗಿ ಮಕ್ಕಳಿಗೆ ಬೆನ್ನು ಹಾಕಿ, ಅವರಲ್ಲೇ ಮುಂದಿನ ಸಾಲಿನವಳೊಬ್ಬಳಂತೆ ಶುರುಮಾಡಿದಳು. ಅವಳಿಗೆ ಅದು ಸುಲಭದ ದಾರಿ, ಅಷ್ಟೇ. ಅಂದಿನಿಂದ ಅದೇ ಅವಳ ಪದ್ಧತಿಯಾಯಿತು.

ನಾನು ಬೇಲಿಯ ಬಳಿ ಕೂತು ನೋಡುತ್ತಿದ್ದೆ. ಮೊದಲು ಗದ್ದಲವಾಯಿತು. ಒಬ್ಬಳು ಅವಳ ನಡಿಗೆಯನ್ನು ಅಣಕಿಸಿದಳು. ಆಮೇಲೆ ಅಣಕಿಸುವವಳೇ ಹೆಜ್ಜೆ ಹಾಕತೊಡಗಿದಳು. ಕೈಗಳು ಅಗಲವಾದವು. ತಾಳ ತಪ್ಪುತ್ತಿತ್ತು, ಸಾಲು ವಕ್ರವಾಗಿತ್ತು. ನನ್ನ ತರಗತಿಯಲ್ಲಿ ತಾಳವೂ ಸಾಲೂ ಸರಿಯಾಗಿದ್ದವು, ಆದರೆ ಕೈಗಳು ಯಾವತ್ತೂ ಅಷ್ಟು ಮೇಲೆ ಹೋಗಿರಲಿಲ್ಲ.

ಆ ತರಗತಿಯಲ್ಲಿ ಧನಲಕ್ಷ್ಮಿ ಎಂಬ ದಪ್ಪನೆಯ ಹುಡುಗಿಯೊಬ್ಬಳಿದ್ದಳು. ಆಟದ ಪಿರಿಯಡ್ ಎಂದರೆ ಅವಳಿಗೆ ಹೊಟ್ಟೆನೋವು. ಹೊಂಗೆಮರದ ಕೆಳಗೆ ಎಲ್ಲರ ಚಪ್ಪಲಿ ಕಾಯುತ್ತ ಕೂರುವಳು. ನಾನು ಅವಳನ್ನು ಪ್ರೀತಿಯಿಂದಲೇ ಕರೆದೆ, ಗದರಿಸಿಯೂ ಕರೆದೆ. "ವಯಿರು ವಲಿಕ್ಕುದು ಮಿಸ್," ಎಂದು ಹೊಟ್ಟೆ ಒತ್ತಿ ಹಿಡಿಯುತ್ತಿದ್ದಳು. ಬೆನ್ನು ತಿರುಗಿಸಿ ಪಾಠ ಶುರುವಾದ ಕೆಲವು ದಿನಗಳ ಮೇಲೆ, ಕೊನೆಯ ಸಾಲಿನ ಹಿಂದೆ, ಮರದ ನೆರಳಿನ ಅಂಚಿನಲ್ಲಿ ಅವಳು ಎದ್ದು ನಿಂತಿದ್ದನ್ನು ಕಂಡೆ. ಕೈಯಲ್ಲಿ ಲೇಜಿಮ್ ಇತ್ತು. ಮಾರನೆಯ ದಿನ ನನ್ನ ಪಾಠ. ಧನಲಕ್ಷ್ಮಿಗೆ ಹೊಟ್ಟೆನೋವು.

ಬೆನ್ನು ಮಾಡಿದರೆ ಯಾರು ತಪ್ಪು ಮಾಡುತ್ತಾರೆಂದು ಹೇಗೆ ತಿಳಿಯುತ್ತದೆ ಎಂದು ನಾನು ಅವಳನ್ನು ಕೇಳಿದ್ದುಂಟು. ತಪ್ಪನ್ನು ತಿದ್ದುವುದು ನಮ್ಮ ಕೆಲಸವಲ್ಲವೇ ಎಂದೆ. ಅವಳು ಬಾಯಿತುಂಬ ಕಡಲೆಕಾಯಿ ತುಂಬಿಕೊಂಡಿದ್ದಳು. "ಮೊದ್ಲು ಮಾಡ್ಲಿ ಕಣೆ. ಮಾಡ್ದಿದ್ರೆ ಏನ್ನ ತಿದ್ದುತೀಯ?" ಎಂದಳು.

ಕೊನೆಯ ಪರೀಕ್ಷೆಯ ಪಾಠಕ್ಕೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಅವರ ಜೊತೆ ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಬರುತ್ತಾರೆ ಎಂದು ಗೊತ್ತಾಯಿತು. ಅವರ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯ ಜಾಗ ಒಂದು ಖಾಲಿಯಿತ್ತು. ನಮ್ಮಿಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳುವುದು ಅವರ ವಿಚಾರ. ಆ ವೇಳೆಗೆ ನಮ್ಮ ಮನೆಗೆ ಬ್ಯಾಂಕ್ ಪರೀಕ್ಷೆಯ ಗೈಡುಗಳು ಬಂದು ನನ್ನ ಮೇಜಿನ ಮೇಲೆ ಕೂತಿದ್ದವು. ನನಗೆ ಆ ಕೆಲಸ ಬೇಕೇ ಬೇಕಿತ್ತು. ಅವಳನ್ನು ಕೇಳಿದರೆ, ಬಂದರೆ ಬರಲಿ ಎಂದಳು. ಬೇಕು ಎನ್ನುವುದನ್ನೂ ಅಷ್ಟು ಸಡಿಲವಾಗಿ ಹಿಡಿದುಕೊಳ್ಳಲು ಸಾಧ್ಯವೇ ಎಂದು ನನಗೆ ಕೋಪ ಬಂತು.

ನನ್ನ ಪಾಠ ಮೊದಲು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಎಡ ಎಂದಾಗ ನನ್ನ ಬಲಗಾಲು, ಬಲ ಎಂದಾಗ ಎಡಗಾಲು. ಮಕ್ಕಳ ಕಣ್ಣೆಲ್ಲ ನನ್ನ ಮೇಲೆ. ಲೇಜಿಮುಗಳು ಒಂದೇ ಲೇಜಿಮಿನಂತೆ ಸದ್ದು ಮಾಡಿದವು. ಮುಖ್ಯೋಪಾಧ್ಯಾಯಿನಿ ಪಕ್ಕದವರಿಗೆ ಏನೋ ಹೇಳಿ ಮೆಚ್ಚಿ ತಲೆದೂಗಿದ್ದು ಕಾಣಿಸಿತು. ಹೊಂಗೆಮರದ ಕೆಳಗೆ ಧನಲಕ್ಷ್ಮಿ ಕೂತಿದ್ದೂ ಕಾಣಿಸಿತು.

ಆಮೇಲೆ ಅವಳದು. ಇವತ್ತಾದರೂ ಮುಖ ಮಾಡಿ ನಿಲ್ಲು ಎಂದು ಹಿಂದಿನ ದಿನ ನಾನೇ ಹೇಳಿದ್ದೆ. ನಿಂತಳು. ಎರಡು ಹೆಜ್ಜೆಗೆ ಎಡಬಲ ಕಲಸಿಹೋಯಿತು, ಮಕ್ಕಳು ಕಿಸಕ್ಕೆಂದರು. ಅವಳೂ ನಕ್ಕು, ಪರೀಕ್ಷಕರ ಕಡೆಗೊಮ್ಮೆ ಕ್ಷಮಿಸಿ ಎಂಬಂತೆ ನೋಡಿ, ತಿರುಗಿ ನಿಂತಳು. ಗಿಲಿಗಿಲಿ ಎದ್ದಿತು. ಒಂದೇ ಸದ್ದಲ್ಲ, ಮಳೆ ಹಿಡಿಯುವಾಗ ತಗಡಿನ ಮೇಲೆ ಬೀಳುವ ಹನಿಗಳಂತೆ ಅಲ್ಲೊಂದು ಇಲ್ಲೊಂದು, ಆಮೇಲೆ ಒಟ್ಟಿಗೆ. ಹೊಂಗೆಯ ಕೆಳಗಿದ್ದವಳು ಎದ್ದಳು. ಚಪ್ಪಲಿಗಳನ್ನು ದಾಟಿ ಕೊನೆಯ ಸಾಲು ಸೇರಿದಳು. ಅವಳ ಕಾಲು ತಪ್ಪುತ್ತಿತ್ತು, ಕೈ ಮಾತ್ರ ಪೂರ್ತಿ ಎತ್ತಿದ್ದಳು.

ಪರೀಕ್ಷಕರು ಪಾಠ ನಿಲ್ಲಿಸಿ, ಮಕ್ಕಳನ್ನು ನೋಡದೆ ಹೇಗೆ ತಿದ್ದುತ್ತೀಯಮ್ಮ ಎಂದು ಕೇಳಿದರು. ಕೇಳಿಸುತ್ತದೆ ಸಾರ್ ಎಂದಳು ತನ್ನ ಒರಟು ತಮಿಳಿನಲ್ಲಿ. ಅವರು ಒಪ್ಪದೆ ಮತ್ತೆ ಕೇಳಿದಾಗ, ನಾವು ನೋಡಿದರೆ ಅವರ ಕೈ ಸಣ್ಣದಾಗುತ್ತದೆ ಎಂದಳು. ಅವರು ಮುಖ್ಯೋಪಾಧ್ಯಾಯಿನಿಯ ಕಡೆ ನೋಡಿ ನಕ್ಕರು. ಅವರಿಬ್ಬರಿಗೂ ಅದು ಪಾಠ ತಯಾರಿಸದೆ ಬಂದವಳ ಉತ್ತರವಾಗಿ ಕೇಳಿಸಿತು.

ಕೆಲಸ ನನಗೆ ಸಿಕ್ಕಿತು. ಅಪ್ಪ ಗೈಡುಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟರು. ಆ ಸಂಜೆ ಅವಳು ಪೆರಂಬೂರಿನಿಂದ ತಿರುವಲ್ಲಿಕ್ಕೇಣಿಯವರೆಗೂ ಬಂದಳು, ಕೈಯಲ್ಲಿ ಮಲ್ಲಿಗೆ. ನನ್ನ ಮುಖ ನೋಡಿ, "ಯಾಕೆ ಹಿಂಗಿದ್ದೀಯ? ನಿಂಗೆ ಬೇಕಿತ್ತು, ಸಿಕ್ತು," ಎಂದಳು. ಹಾಗೇ ಎದ್ದು ನಿಂತು, "ಈಗ ಅದನ್ನ ಹೇಳ್ಕೊಡು. ಎಡ ಅಂದ್ಕೊಂಡು ಬಲ ಎಂಗಿಡ್ತೀಯ?" ಎಂದು ಕೇಳಿದಳು.

ಹಜಾರದಲ್ಲಿ, ನನ್ನ ಅಪ್ಪ ಅಮ್ಮನ ಎದುರಿಗೇ, ಎಡವುತ್ತ, ತಪ್ಪುತ್ತ, ತನ್ನ ತಪ್ಪಿಗೆ ತಾನೇ ನಗುತ್ತ ಹೆಜ್ಜೆ ಹಾಕಿದಳು. ನೋಡನೋಡುತ್ತ ಅಪ್ಪನಿಗೂ ನಗು ಬಂತು. "ಇಡದುಮ್ಮಾ, ಇಡದು," ಎಂದು ಕೂತಲ್ಲಿಂದಲೇ ಎಡಗೈ ಎತ್ತಿ ತೋರಿಸಿದರು. ಆ ಹಜಾರದಲ್ಲಿ ನಾನು ಯಾವತ್ತೂ ಒಂದು ತಪ್ಪು ಹೆಜ್ಜೆ ಹಾಕಿದವಳಲ್ಲ. ಅಪ್ಪ ನನಗೆ ಹಾಗೆ ಕೈ ತೋರಿಸಿದ್ದೂ ಇಲ್ಲ.

ಅವಳಿಗೆ ಆಮೇಲೆ ಮಾಧವರಂ ಕಡೆ ಒಂದು ಸಣ್ಣ ಶಾಲೆಯಲ್ಲಿ ಕೆಲಸವಾಯಿತು. ಮೈದಾನವಿರಲಿಲ್ಲ, ಡೇರಿಯ ಹಾಲಿನ ವ್ಯಾನುಗಳು ಹೋದ ಮೇಲೆ ರಸ್ತೆಯಲ್ಲೇ ಆಟ. ವಲಯದ ಕ್ರೀಡಾಕೂಟಗಳಲ್ಲಿ ಸಿಗುತ್ತಿದ್ದಳು. ನನ್ನ ಶಾಲೆ ಗೆಲ್ಲುತ್ತಿತ್ತು, ನಾನು ಆರಿಸಿ ತಂದ ಮಕ್ಕಳು ಕಪ್ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಅವಳು ಆರಿಸುತ್ತಿರಲಿಲ್ಲ, ಬಂದವರನ್ನೆಲ್ಲ ಕರೆತರುತ್ತಿದ್ದಳು. ಅವರು ಮೊದಲ ಸುತ್ತಿನಲ್ಲೇ ಸೋತು, ಚಿತ್ರಾನ್ನದ ಡಬ್ಬಿ ಬಿಚ್ಚಿ, ಊಟದ ನಡುವೆಯೇ ಎದ್ದು ಇನ್ನೊಂದು ಓಟಕ್ಕೆ ಓಡುತ್ತಿದ್ದರು. ಒಂದು ಸಲ ನನ್ನ ತಂಡದ ನಾಯಕಿ ಅವರನ್ನೇ ಬಹಳ ಹೊತ್ತು ನೋಡುತ್ತಿದ್ದಳು. ಏನು ನೋಡುತ್ತೀಯ ಎಂದೆ. ಏನಿಲ್ಲ ಮಿಸ್ ಎಂದು ಬೆನ್ನು ನೆಟ್ಟಗೆ ಮಾಡಿದಳು.

ಈಚೆಗೆ ನಾವು ಓದಿದ ಕಾಲೇಜಿನಲ್ಲಿ ಒಂದು ವಿಚಾರಗೋಷ್ಠಿ ನಡೆಯಿತು. ದೈಹಿಕ ಸಾಕ್ಷರತೆ ಎಂಬ ಹೊಸ ಮಾತನ್ನು ಅಲ್ಲಿ ಕೇಳಿದೆ. ಅಕ್ಷರದಂತೆ ಮೈಗೂ ಓದುಬರಹವಿದೆಯಂತೆ. ಎಂಥ ಚಲನೆ ಎದುರಾದರೂ ಅಂಜದೆ ಮೈಯೊಡ್ಡುವ ಧೈರ್ಯವೇ ಅದರ ಮೊದಲ ಪಾಠ, ತರಬೇತಿಗೆ ಬರುವ ಶಿಕ್ಷಕರಲ್ಲೇ ಅದು ಕಡಿಮೆ ಎಂದರು. ಉಳಿದವರು ಬರೆದುಕೊಳ್ಳುತ್ತಿದ್ದರು. ನಾನು ಹರ್ಡಲ್ಸಿನ ಪಟ್ಟಿಯ ಸಮೇತ ಬಿದ್ದು ಆಕಾಶ ನೋಡುತ್ತ ನಗುತ್ತಿದ್ದವಳನ್ನು ನೆನೆಯುತ್ತಿದ್ದೆ. ನನ್ನ ಮೈಗೆ ಅಂದವಾದ ಕೈಬರಹವಿತ್ತು. ಓದಲು ಬರುತ್ತಿದ್ದುದು ಅವಳ ಮೈಗೆ.

ಅವಳು ಊರು ಬಿಟ್ಟ ಸುದ್ದಿ ಬಂದ ವಾರ ನನ್ನ ಏಳನೇ ತರಗತಿಗೆ ಲೇಜಿಮ್ ತೆಗೆಸಿದೆ. ನಮ್ಮಲ್ಲೂ ಒಬ್ಬಳಿದ್ದಾಳೆ, ಪ್ರತಿ ಸಲ ಕಾಲು ನೋವು ಎಂದು ಮೆಟ್ಟಿಲ ಮೇಲೆ ಕೂರುವವಳು. ಸಾಲು ನಿಲ್ಲಿಸಿ, ಹೆಜ್ಜೆ ತೋರಿಸಿ, ಸುತ್ತ ಬೇರೆ ಟೀಚರುಗಳು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾನು ತಿರುಗಿ ನಿಂತೆ.

ಬೆನ್ನ ಮೇಲೆ ಬಿಸಿಲು ಬಿದ್ದಂತಿತ್ತು. ಪಿಸುಮಾತು, ಕಿಸಕ್ಕೆಂಬ ನಗು, ಆಮೇಲೆ ಸದ್ದು. ಅಲ್ಲೊಂದು, ಇಲ್ಲೊಂದು. ಸದ್ದು ದೊಡ್ಡದಾಗುತ್ತ ಹೋಯಿತು. ಆಗ ಎಲ್ಲಕ್ಕೂ ಹಿಂದೆ, ಮೆಟ್ಟಿಲ ಕಡೆಯಿಂದ, ತಾಳಕ್ಕೆ ಸೇರದ ಒಂದು ಲೇಜಿಮ್ ಕೇಳಿಸಿತು. ಅದು ತಪ್ಪಾಗಿತ್ತು. ಎಷ್ಟು ತಪ್ಪೆಂದರೆ ನನಗೆ ತಡೆಯಲಾಗಲಿಲ್ಲ.

ತಿರುಗಿ ನೋಡಿದೆ. ಅವಳು ಮೆಟ್ಟಿಲಿಳಿದು ನಿಂತಿದ್ದಳು, ಎರಡೂ ಕೈ ತಲೆಯ ಮೇಲೆ. ನನ್ನ ಕಣ್ಣು ಬಿದ್ದದ್ದೇ ಆ ಕೈಗಳು ಇಳಿದವು, ಲೇಜಿಮ್ ಲಂಗದ ಮಡಿಕೆಯಲ್ಲಿ ಅಡಗಿತು.

ನಾನು ಮತ್ತೆ ಬೆನ್ನು ಹಾಕಿ ನಿಂತೆ. ಮಿಕ್ಕವರ ಸದ್ದು ಬೇಗನೆ ಎದ್ದಿತು. ಆ ಒಂದು ಲೇಜಿಮ್ ಮತ್ತೆ ಕೇಳಿಸಲು ಬಹಳ ಹೊತ್ತು ಹಿಡಿಯಿತು.